ಪರಿಕಲ್ಪನಾ ಜಾಲಕ: ಕೋಷ್ಟಕಕ್ಕಷ್ಟೇ ನಿಷ್ಠೆ

ತನ್ನ ಶಾಸ್ತ್ರ ಹೊರಗಿನವರಿಂದ ದೂರವಾಗಿದೆ ಎಂದು ಗಣಿತಜ್ಞನೊಬ್ಬ ತಾನೇ ಬರೆದು ಒಪ್ಪಿಕೊಳ್ಳುವುದು ಅಪರೂಪ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿದ್ದ ರುಡೋಲ್ಫ್ ವಿಲ್ಲೆ 1982ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹೀಗೆ ಒಪ್ಪಿಕೊಂಡರು. 1940ರಲ್ಲಿ ಗ್ಯಾರೆಟ್ ಬಿರ್ಕಾಫ್ ಗ್ರಂಥರೂಪಕ್ಕೆ ತಂದ ಜಾಲಕ ಸಿದ್ಧಾಂತ ನಾಲ್ಕು ದಶಕಗಳಲ್ಲಿ ಪ್ರಮೇಯಗಳ ಮೇಲೆ ಪ್ರಮೇಯ ಪೇರಿಸಿಕೊಂಡಿತ್ತು. ಅವನ್ನು ಓದುವವರು ಮಾತ್ರ ಬರೆಯುವವರೇ ಆಗಿದ್ದರು. ಈ ಶಾಸ್ತ್ರವನ್ನು ವೈದ್ಯರು, ಗ್ರಂಥಪಾಲಕರು, ಭಾಷಾವಿದರು ಮೇಜಿನ ಸುತ್ತ ಕೂತು ಮಾತಾಡಲು ಬಳಸುವಂತೆ ಮತ್ತೆ ಕಟ್ಟಲು ಬರುತ್ತದೆಯೇ ಎಂಬುದು ವಿಲ್ಲೆಯವರ ಪ್ರಶ್ನೆ. ಇದಕ್ಕೆ ಅವರು ಕಂಡುಕೊಂಡ ಉತ್ತರವೇ ಪರಿಕಲ್ಪನಾ ಜಾಲಕ. ಅದರ ಸುತ್ತ ಬೆಳೆದ ವಿದ್ಯೆಗೆ ಔಪಚಾರಿಕ ಪರಿಕಲ್ಪನಾ ವಿಶ್ಲೇಷಣೆ ಎಂದು ಹೆಸರಾಯಿತು. ವಿಲ್ಲೆ ಮತ್ತು ಬರ್ನ್‌ಹಾರ್ಡ್ ಗ್ಯಾಂಟರ್ ಸೇರಿ ಬರೆದ ಮೂಲಗ್ರಂಥ 1996ರಲ್ಲಿ ಜರ್ಮನ್‌ನಲ್ಲಿ, 1999ರಲ್ಲಿ ಇಂಗ್ಲಿಷಿನಲ್ಲಿ ಬಂತು. ಮಾತುಕತೆಗಾಗಿ ಹುಟ್ಟಿದ ಈ ವಿದ್ಯೆಯನ್ನು ಆಮೇಲೆ ಡೇಟಾ ಮೈನಿಂಗ್‌ನ ಯಂತ್ರಕ್ಕೆ ಹೂಡಲಾಯಿತು. ಈ ಬದಲಾವಣೆಯಲ್ಲಿ ಗಳಿಸಿದ್ದೆಷ್ಟು, ಕಳೆದದ್ದೆಷ್ಟು ಎಂಬುದನ್ನು ನೋಡಬೇಕಿದೆ.

ವಿಧಾನ ಸರಳ. ಒಂದು ಕೋಷ್ಟಕ ಬೇಕು: ಅಡ್ಡಸಾಲುಗಳಲ್ಲಿ ವಸ್ತುಗಳು, ಕಂಬಸಾಲುಗಳಲ್ಲಿ ಗುಣಗಳು, ಗುಣ ಇದ್ದಲ್ಲಿ ಒಂದು ಗುರುತು. ನಮ್ಮ ಕವರ್ಗವನ್ನೇ ತೆಗೆದುಕೊಳ್ಳೋಣ. ಕ, ಖ, ಗ, ಘ, ಙ ಐದು ವಸ್ತುಗಳು. ಅಘೋಷ, ಘೋಷ, ಅಲ್ಪಪ್ರಾಣ, ಮಹಾಪ್ರಾಣ, ಅನುನಾಸಿಕ ಐದು ಗುಣಗಳು. ಯಾವುದಾದರೂ ವರ್ಣಗಳ ಗುಂಪು ಹಿಡಿದು ಅವೆಲ್ಲಕ್ಕೂ ಸಮಾನವಾದ ಗುಣಗಳನ್ನು ಬರೆದುಕೊಳ್ಳಿ. ಆಮೇಲೆ ಆ ಗುಣಗಳೆಲ್ಲ ಇರುವ ವರ್ಣಗಳನ್ನು ಹುಡುಕಿ. ಮೊದಲಿನ ಗುಂಪೇ ತಿರುಗಿ ಬಂದರೆ ಅದು ಒಂದು ಪರಿಕಲ್ಪನೆ. ವಸ್ತುಗಳ ಕಡೆಯದು ಅದರ ವ್ಯಾಪ್ತಿ, ಗುಣಗಳ ಕಡೆಯದು ಅದರ ಲಕ್ಷಣ. ಪರಿಕಲ್ಪನೆಗೆ ಹೀಗೆ ಎರಡು ಮುಖ ಎನ್ನುವ ಮಾತು 1662ರ ಪೋರ್ಟ್-ರಾಯಲ್ ತರ್ಕಗ್ರಂಥದಷ್ಟು ಹಳೆಯದು. ವಿಲ್ಲೆ ಅದಕ್ಕೆ ಗಣಿತದ ಕಟ್ಟು ಹಾಕಿದರು. ವ್ಯಾಪ್ತಿ ಹಿಗ್ಗಿದಂತೆ ಲಕ್ಷಣ ಕುಗ್ಗುತ್ತದೆ. ದೊಡ್ಡ ವ್ಯಾಪ್ತಿಯವನ್ನು ಮೇಲೆ, ಚಿಕ್ಕವನ್ನು ಕೆಳಗೆ ಇಟ್ಟು ಗೆರೆ ಎಳೆದರೆ ಜಾಲಕದ ಚಿತ್ರ ಸಿದ್ಧ.

ಕವರ್ಗದ ಕೋಷ್ಟಕದಿಂದ ಹುಟ್ಟುವ ಪರಿಕಲ್ಪನೆಗಳು 11. ಐದೂ ವರ್ಣಗಳು ಸೇರಿದ ತುದಿ ಮೇಲೆ. ಅದರ ಕೆಳಗೆ ಘೋಷ, ಅಘೋಷ, ಅಲ್ಪಪ್ರಾಣ, ಮಹಾಪ್ರಾಣ ಎಂಬ ನಾಲ್ಕು ಗಂಟುಗಳು. ಅವುಗಳ ಜೋಡಣೆಯಿಂದ ಇನ್ನಷ್ಟು. ಎಲ್ಲಕ್ಕಿಂತ ಕೆಳಗೆ ಯಾವ ವರ್ಣವೂ ಇಲ್ಲದ ಖಾಲಿ ಗಂಟು. ಚಿತ್ರದಿಂದಲೇ ನಿಯಮಗಳನ್ನೂ ಓದಬಹುದು: ಅನುನಾಸಿಕವಾದರೆ ಘೋಷವೂ ಹೌದು, ಅಲ್ಪಪ್ರಾಣವೂ ಹೌದು.

ಇಲ್ಲಿ ವ್ಯಾಕರಣ ಬಲ್ಲ ಓದುಗರು ತಡೆದಿರಬೇಕು. ಅನುನಾಸಿಕ ಅಲ್ಪಪ್ರಾಣವೇ? ಸಂಸ್ಕೃತ ವ್ಯಾಕರಣ ಪರಂಪರೆ ವರ್ಗದ ಮೊದಲ, ಮೂರನೆಯ, ಐದನೆಯ ವರ್ಣಗಳನ್ನು ಅಲ್ಪಪ್ರಾಣ ಎನ್ನುತ್ತದೆ. ನಮ್ಮ ಶಾಲೆಯ ಕನ್ನಡ ವ್ಯಾಕರಣ ಹತ್ತು ಅಲ್ಪಪ್ರಾಣ, ಹತ್ತು ಮಹಾಪ್ರಾಣ, ಐದು ಅನುನಾಸಿಕ ಎಂದು ಬೇರೆಬೇರೆಯಾಗಿ ಎಣಿಸುತ್ತದೆ. ಶಾಲೆಯ ಎಣಿಕೆಯನ್ನು ಒಪ್ಪಿ ಙಕಾರದ ಸಾಲಿನಿಂದ ಒಂದೇ ಒಂದು ಗುರುತನ್ನು ಅಳಿಸಿದರೆ ಪರಿಕಲ್ಪನೆಗಳ ಸಂಖ್ಯೆ 11 ಆಗಿಯೇ ಉಳಿಯುತ್ತದೆ, ಆದರೆ ಜಾಲಕ ಬೇರೆಯಾಗುತ್ತದೆ. ಮೊದಲ ಜಾಲಕದಲ್ಲಿ ಗಕಾರಕ್ಕೆ ತನ್ನದೇ ಆದ ಗುಂಪು ಇರಲಿಲ್ಲ. ಅದು ಇದ್ದಲ್ಲೆಲ್ಲ ಙಕಾರವೂ ಇರುತ್ತಿತ್ತು, ಏಕೆಂದರೆ ಗಕಾರದ ಗುಣಗಳೆಲ್ಲ ಙಕಾರಕ್ಕೂ ಇದ್ದವು. ಎರಡನೆಯದರಲ್ಲಿ ಗಕಾರ ಸ್ವತಂತ್ರ. ಅಷ್ಟೂ ಬೇಡ, ಮೊದಲ ಕೋಷ್ಟಕಕ್ಕೇ 'ನಿರನುನಾಸಿಕ' ಎಂಬ ಒಂದು ಕಂಬಸಾಲು ಸೇರಿಸಿ ನೋಡಿ: ಯಾವ ಹೊಸ ಸಂಗತಿಯನ್ನೂ ಹೇಳದೆಯೇ 11 ಇದ್ದದ್ದು 15 ಆಗುತ್ತದೆ.

ಉಚ್ಚಾರಣೆ ಬದಲಾಗಿಲ್ಲ. ಬದಲಾದದ್ದು ನಾವು ಕೋಷ್ಟಕ ಬರೆದ ರೀತಿ. ಯಾವ ಕೋಷ್ಟಕ ಸರಿ ಎಂದು ಜಾಲಕ ಹೇಳಲಾರದು, ಹೇಳುತ್ತೇನೆಂದು ಅದು ಭರವಸೆ ಕೊಟ್ಟೂ ಇಲ್ಲ. ಕೋಷ್ಟಕದಲ್ಲಿರುವುದನ್ನು ಒಂದಿಷ್ಟೂ ಬಿಡದೆ, ಒಂದಿಷ್ಟೂ ಸೇರಿಸದೆ ತೋರಿಸುವುದು ಅದರ ಕೆಲಸ. ಈ ವಿದ್ಯೆಯ ಹೆಚ್ಚುಗಾರಿಕೆಯೂ ಮಿತಿಯೂ ಎರಡೂ ಇದೇ ಎಂಬುದು ನನ್ನ ಅಭಿಪ್ರಾಯ.

ಹೆಚ್ಚುಗಾರಿಕೆ ಸಣ್ಣದಲ್ಲ. ಕೆ-ಮೀನ್ಸ್‌ನಂತಹ ಗುಂಪುಗಾರಿಕೆಯ ವಿಧಾನಗಳು ಎಷ್ಟು ಗುಂಪು ಬೇಕೆಂದು ಮೊದಲೇ ಕೇಳುತ್ತವೆ, ಒಂದು ವಸ್ತುವನ್ನು ಒಂದೇ ಗುಂಪಿಗೆ ತಳ್ಳುತ್ತವೆ, ಆ ಗುಂಪಿಗೆ ಏಕೆ ಎಂದು ಹೇಳುವುದಿಲ್ಲ. ಜಾಲಕ ಎಷ್ಟೆಂದು ಕೇಳುವುದಿಲ್ಲ. ವಸ್ತು ಹಲವು ಗುಂಪುಗಳಲ್ಲಿ ಇರಬಹುದು. ಪ್ರತಿ ಗುಂಪಿಗೂ ಕಾರಣ ಅದರ ಲಕ್ಷಣದಲ್ಲೇ ಬರೆದಿರುತ್ತದೆ. ಆದರೆ ವಯಸ್ಸು, ಬೆಲೆ, ರಕ್ತದೊತ್ತಡದಂತಹ ಅಂಕಿಗಳನ್ನು ಹೌದು-ಅಲ್ಲ ಗುರುತುಗಳಾಗಿ ಒಡೆಯುವ ಹಂತದಲ್ಲಿ ವಿಶ್ಲೇಷಕನ ಕೈ ಆಡಿರುತ್ತದೆ. 'ವೃದ್ಧ' ಎಂದರೆ 60 ದಾಟಿದವರೋ 65 ದಾಟಿದವರೋ? ಈ ನಿರ್ಧಾರ ಚಿತ್ರದಲ್ಲಿ ಕಾಣುವುದಿಲ್ಲ. ಅಂಕಿಗಳನ್ನು ಒಡೆಯದೆ ಹಾಗೆಯೇ ಬಳಸಲು 2001ರಲ್ಲಿ ಗ್ಯಾಂಟರ್ ಮತ್ತು ಸೆರ್ಗೈ ಕುಜ್ನೆಟ್ಸೊವ್ ಒಂದು ದಾರಿ ತೋರಿಸಿದರು. ಆದರೂ ಬಳಕೆಯಲ್ಲಿ ಹೆಚ್ಚಾಗಿ ಕಾಣುವುದು ಒಡೆದ ಕೋಷ್ಟಕಗಳೇ.

ಈಗ ಡೇಟಾ ಮೈನಿಂಗ್‌ಗೆ ಬರೋಣ. 1993ರಲ್ಲಿ ಐಬಿಎಂನ ರಾಕೇಶ್ ಅಗ್ರವಾಲ್ ಮತ್ತು ಸಂಗಡಿಗರು ಅಂಗಡಿಯ ಬಿಲ್ಲುಗಳಿಂದ 'ಇದನ್ನು ಕೊಂಡವರು ಅದನ್ನೂ ಕೊಳ್ಳುತ್ತಾರೆ' ಎಂಬಂತಹ ನಿಯಮಗಳನ್ನು ಹೊರತೆಗೆಯುವ ಲೇಖನ ಬರೆದರು. ಮರುವರ್ಷ ಏಪ್ರಿಯೋರಿ ಅಲ್ಗಾರಿದಂ ಬಂತು. ಎಷ್ಟು ಬಿಲ್ಲುಗಳಲ್ಲಿ ಕಾಣಬೇಕು, ನಿಯಮ ನೂರರಲ್ಲಿ ಎಷ್ಟು ಸಲ ನಿಜವಾಗಬೇಕು ಎಂಬ ಎರಡು ಮಿತಿಗಳ ಮೇಲೆ ಇಡೀ ಕ್ಷೇತ್ರವೇ ನಿಂತಿತು. ಸ್ವಾರಸ್ಯವೆಂದರೆ, ಅದಕ್ಕೆ ಎರಡು ವರ್ಷ ಮೊದಲೇ, 1991ರಲ್ಲಿ, ಡಾರ್ಮ್‌ಸ್ಟಾಟ್ ಬಳಗದ ಮಿಕಾಯೆಲ್ ಲುಕ್ಸೆನ್‌ಬುರ್ಗರ್ ಇಂತಹ 'ಭಾಗಶಃ ನಿಜ'ವಾದ ನಿಯಮಗಳನ್ನೂ ಅವುಗಳ ಕನಿಷ್ಠ ತಳಹದಿಯನ್ನೂ ಒಂದು ಫ್ರೆಂಚ್ ಪತ್ರಿಕೆಯಲ್ಲಿ ಬಿಡಿಸಿಟ್ಟಿದ್ದರು. ಡೇಟಾಬೇಸ್‌ನವರು ಅತ್ತ ನೋಡಲಿಲ್ಲ. ಮಾತುಕತೆಗಾಗಿಯೇ ಹುಟ್ಟಿದ ವಿದ್ಯೆ ಮಾತು ಮುಟ್ಟಿಸುವುದರಲ್ಲೇ ಸೋತಿತು.

ಏಪ್ರಿಯೋರಿಯ ತೊಂದರೆ ಅದನ್ನು ಬಳಸಿದವರಿಗೆಲ್ಲ ಗೊತ್ತು: ನಿಯಮಗಳು ಸಾವಿರ ಲೆಕ್ಕದಲ್ಲಿ ಸುರಿಯುತ್ತವೆ, ಬಹುಪಾಲು ಒಂದೇ ಮಾತನ್ನು ಬೇರೆಬೇರೆ ಬಾಯಲ್ಲಿ ಹೇಳುತ್ತವೆ. ಇಲ್ಲಿ ಜಾಲಕದಿಂದ ನಿಜವಾದ ಲಾಭವಾಯಿತು. 1999ರಲ್ಲಿ ಫ್ರಾನ್ಸ್‌ನ ನಿಕೋಲಾ ಪಾಸ್ಕಿಯೆ ಮತ್ತು ಸಂಗಡಿಗರು ತೋರಿಸಿದ್ದು ಇದು: ಯಾವುದೇ ಸರಕುಗುಂಪು ಎಷ್ಟು ಬಿಲ್ಲುಗಳಲ್ಲಿದೆಯೋ, ಅದನ್ನು ಒಳಗೊಂಡ ಅತಿ ಚಿಕ್ಕ ಪರಿಕಲ್ಪನಾ ಲಕ್ಷಣವೂ ಅಷ್ಟೇ ಬಿಲ್ಲುಗಳಲ್ಲಿರುತ್ತದೆ. ಆದ್ದರಿಂದ ಎಲ್ಲ ಗುಂಪುಗಳನ್ನೂ ಎಣಿಸಬೇಕಿಲ್ಲ, ಇಂತಹ ಮುಚ್ಚಿದ ಗುಂಪುಗಳನ್ನು ಎಣಿಸಿದರೆ ಸಾಕು. ಉಳಿದವು ಅವುಗಳಿಂದಲೇ ತಿಳಿಯುತ್ತವೆ, ಯಾವ ಮಾಹಿತಿಯೂ ಸೋರುವುದಿಲ್ಲ. ನೂರಕ್ಕೆ ನೂರು ನಿಜವಾದ ನಿಯಮಗಳನ್ನು ಅತಿ ಕಡಿಮೆ ಸಂಖ್ಯೆಗೆ ಇಳಿಸುವ ತಳಹದಿಯನ್ನು ಗಿಗ್ ಮತ್ತು ಡುಕೆನ್ 1986ರಲ್ಲೇ ಕೊಟ್ಟಿದ್ದರು. ಇವತ್ತು ಮುಚ್ಚಿದ ಗುಂಪುಗಳನ್ನು ಹುಡುಕುವ ತಂತ್ರ ಡೇಟಾ ಮೈನಿಂಗ್ ಪಠ್ಯಗಳಲ್ಲಿ ಮಾಮೂಲು, ಹಲವು ಕಡೆ ವಿಲ್ಲೆಯವರ ಹೆಸರಿಲ್ಲದೆಯೇ. ಇದು ಈ ವಿದ್ಯೆಯ ದೊಡ್ಡ ಗೆಲುವು, ಆದರೆ ಜಾಲಕದ ಚಿತ್ರಕ್ಕೂ ಈ ಗೆಲುವಿಗೂ ಸಂಬಂಧವಿಲ್ಲ.

ಚಿತ್ರ ದೊಡ್ಡ ಕೋಷ್ಟಕದೆದುರು ಎಷ್ಟು ಬೇಗ ಕುಸಿಯುತ್ತದೆ ಎಂಬುದಕ್ಕೆ ಅಣಬೆಗಳ ದತ್ತಾಂಶವನ್ನು ನೋಡಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಭಂಡಾರಕ್ಕೆ 1987ರಲ್ಲಿ ಸೇರಿದ ಈ ಕೋಷ್ಟಕದಲ್ಲಿ 8,124 ಸಾಲುಗಳಿವೆ: 4,208 ತಿನ್ನಬಹುದಾದವು, 3,916 ತಿನ್ನಬಾರದವು. (ಇವು ಕಾಡಿನಲ್ಲಿ ಕಿತ್ತು ತಂದ ಅಣಬೆಗಳಲ್ಲ, ಕೈಪಿಡಿಯೊಂದರಲ್ಲಿದ್ದ 23 ಜಾತಿಗಳ ವಿವರಣೆಯಿಂದ ಕಟ್ಟಿದ ಕಾಲ್ಪನಿಕ ಮಾದರಿಗಳು ಎಂಬುದನ್ನು ಇದರ ಮೇಲೆ ಪ್ರಬಂಧ ಬರೆಯುವವರಲ್ಲಿ ಎಷ್ಟು ಜನ ನೆನೆಯುತ್ತಾರೋ!) 22 ಗುಣಗಳನ್ನು ಹೌದು-ಅಲ್ಲಗಳಾಗಿ ಒಡೆದಾಗ ನೂರಿಪ್ಪತ್ತರ ಆಸುಪಾಸು ಕಂಬಸಾಲುಗಳಾಗುತ್ತವೆ. ಅದರಿಂದ ಹುಟ್ಟುವ ಪರಿಕಲ್ಪನೆಗಳು ಎರಡು ಲಕ್ಷಕ್ಕೂ ಹೆಚ್ಚು. ಸಾರಾಂಶ ಮಾಡಬೇಕಾದ ಜಾಲಕ ಮೂಲ ಕೋಷ್ಟಕಕ್ಕಿಂತ 25 ಪಟ್ಟಿಗೂ ಮೀರಿ ಬೆಳೆದು ನಿಲ್ಲುತ್ತದೆ. ಯಾವ ಕಾಗದದ ಮೇಲೂ ಅದನ್ನು ಬಿಡಿಸಲಾಗದು, ಬಿಡಿಸಿದರೂ ಯಾವ ಕಣ್ಣೂ ಓದಲಾರದು. ಎಷ್ಟು ಪರಿಕಲ್ಪನೆಗಳು ಹುಟ್ಟುತ್ತವೆ ಎಂದು ಮೊದಲೇ ಲೆಕ್ಕ ಹಾಕುವುದೇ ಅತಿ ಕಠಿಣ ಸಮಸ್ಯೆ ಎಂದು ಕುಜ್ನೆಟ್ಸೊವ್ ಸಾಧಿಸಿದ್ದಾರೆ. ಗ್ಯಾಂಟರ್ 1984ರಲ್ಲಿ ಕೊಟ್ಟ ಅಲ್ಗಾರಿದಂ ಪ್ರತಿಯೊಂದನ್ನೂ ಒಂದೇ ಸಲ, ಕ್ರಮವಾಗಿ ಹೊರಡಿಸುತ್ತದೆ. ಗಣಿತವಾಗಿ ಅದು ಸುಂದರ, ಓದುಗನ ಕಷ್ಟವನ್ನಂತೂ ಕಡಿಮೆ ಮಾಡುವುದಿಲ್ಲ.

ಹಾಗಾಗಿ ಕತ್ತರಿಸುವ ಉಪಾಯಗಳು ಬಂದವು. ಗೆರ್ಡ್ ಸ್ಟುಮ್ಮೆ ಮತ್ತು ಫ್ರೆಂಚ್ ಸಂಗಡಿಗರು 2002ರಲ್ಲಿ ಹಿಮಗಡ್ಡೆ ಜಾಲಕ ಎಂದರು: ಹೆಚ್ಚು ಸಾಲುಗಳಲ್ಲಿ ಕಾಣುವ ಮೇಲಿನ ಗಂಟುಗಳನ್ನಷ್ಟೇ ಉಳಿಸಿ ಕೆಳಗಿನದನ್ನು ನೀರಿನಡಿ ಬಿಡುವುದು. ಅಣಬೆಗಳಿಗೆ ಶೇ 85ರ ಮಿತಿ ಹಾಕಿ ನೋಡಿ. ಚಿತ್ರ ಚೊಕ್ಕವಾಗುತ್ತದೆ, ಕೆಲವೇ ಗಂಟುಗಳು. ಅವು ಹೇಳುವುದೇನು? ಪೊರೆಯ ಬಗೆ ಎಲ್ಲ 8,124 ಸಾಲುಗಳಲ್ಲೂ ಒಂದೇ. ಪೊರೆಯ ಬಣ್ಣ ಸಾಮಾನ್ಯವಾಗಿ ಬಿಳಿ. ಕಾಂಡದ ಮೇಲೆ ಬಳೆ ಸಾಮಾನ್ಯವಾಗಿ ಒಂದು. ಅಣಬೆ ತಿನ್ನುವವನಿಗೆ ಇವುಗಳಿಂದ ಯಾವ ಉಪಕಾರವೂ ಇಲ್ಲ. ಅವನ ಪ್ರಾಣ ಉಳಿಸುವ ನಿಯಮ ಬೇರೆ: ಕೊಳೆತ ನಾತ ಬರುವ 2,160 ಸಾಲುಗಳೂ ವಿಷದವೇ. ಅದು ಒಟ್ಟಿನ ಶೇ 27ಕ್ಕಿಂತ ಕಡಿಮೆ, ಆದ್ದರಿಂದ ನೀರಿನಡಿ. ಹೆಚ್ಚು ಸಲ ಕಾಣುವುದೇ ಮುಖ್ಯ ಎಂಬ ಅಂಗಡಿಯ ನಂಬಿಕೆ ಜಾಲಕದೊಳಗೆ ನುಗ್ಗಿದಾಗ ಆಗುವ ನಷ್ಟ ಇದು. ಕುಜ್ನೆಟ್ಸೊವ್ ಸೂಚಿಸಿದ ಸ್ಥಿರತೆಯ ಅಳತೆ ಇದಕ್ಕಿಂತ ವಿವೇಕದ್ದು. ಗುಂಪಿನಿಂದ ಕೆಲವು ವಸ್ತುಗಳನ್ನು ತೆಗೆದರೂ ಅದರ ಲಕ್ಷಣ ಹಾಗೇ ಉಳಿಯುತ್ತದೆಯೇ ಎಂದು ಅದು ಪರೀಕ್ಷಿಸುತ್ತದೆ; ಒಂದೆರಡು ತಪ್ಪು ಗುರುತುಗಳಿಂದ ಹುಟ್ಟಿದ ಹುಸಿ ಪರಿಕಲ್ಪನೆಗಳು ಹೀಗೆ ಉದುರುತ್ತವೆ. ಅದನ್ನು ಲೆಕ್ಕ ಹಾಕುವುದು ಮಾತ್ರ ದುಬಾರಿ.

ಈ ವಿದ್ಯೆ ನಿಜವಾಗಿ ಫಲ ಕೊಟ್ಟ ಕಡೆ ಮನುಷ್ಯರು ಚಿತ್ರದ ಮುಂದೆ ಕೂತಿದ್ದರು. ಆಮ್‌ಸ್ಟರ್‌ಡ್ಯಾಮ್ ಪ್ರದೇಶದ ಪೊಲೀಸರಿಗಾಗಿ ಯೋನಾಸ್ ಪೂಲ್ಮನ್ಸ್, ಪೌಲ್ ಎಲ್ಜಿಂಗಾ, ಗೀಡೋ ಡೆಡೆನೆ ಮಾಡಿದ ಕೆಲಸ ನನ್ನ ಮಟ್ಟಿಗೆ ಅತ್ಯುತ್ತಮ ಉದಾಹರಣೆ. ಹಿಂಸೆಯ ದೂರುಗಳಲ್ಲಿ ಯಾವುದು ಕೌಟುಂಬಿಕ ಹಿಂಸೆ, ಯಾವುದಲ್ಲ ಎಂದು ಪೊಲೀಸರು ಹಚ್ಚಿದ ಹಣೆಪಟ್ಟಿಗಳನ್ನು ದೂರಿನ ಪದಗಳೊಂದಿಗೆ ಜಾಲಕದಲ್ಲಿಟ್ಟು ನೋಡಿದರು. ಹೊಂದದ ಗಂಟುಗಳನ್ನು ಬಿಚ್ಚಿ ಮೂಲ ದೂರು ಓದಿದಾಗ ಕೆಲವು ತಪ್ಪು ಹಣೆಪಟ್ಟಿಗಳು ಸಿಕ್ಕವು. ಅದಕ್ಕಿಂತ ಮುಖ್ಯವಾಗಿ, ವ್ಯಾಖ್ಯೆಯೇ ಮಸುಕಾಗಿದ್ದ ಪ್ರಕರಣಗಳು ಸಿಕ್ಕವು. ಆಶ್ರಯಧಾಮದಲ್ಲಿ ಪಾಲಕ ಮತ್ತು ಪಾಲಿತರ ನಡುವಿನ ಹಿಂಸೆ ಕೌಟುಂಬಿಕವೇ? ಯಂತ್ರ ಇದಕ್ಕೆ ಉತ್ತರಿಸಲಿಲ್ಲ, ಪ್ರಶ್ನೆಯನ್ನು ಅಧಿಕಾರಿಗಳ ಮುಂದೆ ಎತ್ತಿ ಹಿಡಿಯಿತು. ಪದಗಳ ಪಟ್ಟಿ ತಿದ್ದುವುದು, ಚಿತ್ರ ನೋಡುವುದು, ದೂರು ಓದುವುದು, ಮತ್ತೆ ಪಟ್ಟಿ ತಿದ್ದುವುದು: ವಿಲ್ಲೆ 1982ರಲ್ಲಿ ಬಯಸಿದ್ದು ಇದನ್ನೇ. ಶೇಕಡಾ ಇಷ್ಟು ನಿಖರತೆ ಎಂದು ಹೇಳಿ ಕೈತೊಳೆದುಕೊಳ್ಳುವ ವರ್ಗೀಕರಣ ಯಂತ್ರದಿಂದ ಈ ಕೆಲಸ ಆಗುತ್ತಿರಲಿಲ್ಲ.

ಜ್ಞಾನ ನಿರೂಪಣೆಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು ಎಂದು ನನಗನ್ನಿಸುತ್ತದೆ, ಮುಖ್ಯವಾಗಿ ಗುಣಶೋಧನೆ ಎಂಬ ಪದ್ಧತಿಯಿಂದ. ಇಲ್ಲಿ ಯಂತ್ರ ತಜ್ಞರನ್ನು ಪ್ರಶ್ನಿಸುತ್ತದೆ. ಸ್ಪರ್ಶ ವ್ಯಂಜನಗಳನ್ನಷ್ಟೇ ಕೊಟ್ಟರೆ 'ಮಹಾಪ್ರಾಣವಾದದ್ದೆಲ್ಲ ಸ್ಪರ್ಶವೇ?' ಎಂದು ಕೇಳುತ್ತದೆ. ಹೌದು ಎಂದರೆ ನಿಯಮವಾಗಿ ಬರೆದುಕೊಳ್ಳುತ್ತದೆ. ಅಲ್ಲವೆಂದರೆ ಒಂದು ಅಪವಾದ ಕೊಡಲೇಬೇಕು. ಹಕಾರ ಎನ್ನುತ್ತೀರಿ, ಹಕಾರ ಕೋಷ್ಟಕಕ್ಕೆ ಸೇರುತ್ತದೆ, ಪ್ರಶ್ನೆಗಳು ಮುಂದುವರಿಯುತ್ತವೆ. ಕೇಳಲು ಏನೂ ಉಳಿಯದಿದ್ದಾಗ, ಆರಿಸಿಕೊಂಡ ಗುಣಗಳ ಮಟ್ಟಿಗೆ ಜ್ಞಾನ ಪೂರ್ಣವಾಗಿದೆ ಎಂದು ಸಾಧಿಸಬಹುದು. ಇಂತಹ ಖಾತರಿ ಕೊಡುವ ವಿಧಾನಗಳು ಕೃತಕ ಬುದ್ಧಿಮತ್ತೆಯ ಕ್ಷೇತ್ರದಲ್ಲಿ ವಿರಳ. ತಜ್ಞ ತಪ್ಪು ಹೇಳಿದರೆ ಖಾತರಿಯೂ ತಪ್ಪೇ, ಅದು ಬೇರೆ ಮಾತು.

ಆದರೆ ತೊಡಕೊಂದಿದೆ. ಜಾಲಕಕ್ಕೆ ಖಾಲಿ ಮನೆ ಎಂದರೆ 'ಇಲ್ಲ'. ಆಸ್ಪತ್ರೆಯ ಪದಕೋಶಗಳಂತಹ ಜ್ಞಾನಭಂಡಾರಗಳಲ್ಲಿ ಖಾಲಿ ಎಂದರೆ 'ಗೊತ್ತಿಲ್ಲ'. ರೋಗಿಯ ಕಡತದಲ್ಲಿ ಮಧುಮೇಹ ಬರೆದಿಲ್ಲವೆಂದು ಮಧುಮೇಹ ಇಲ್ಲವೆಂದರೆ ಏನಾಗುತ್ತದೆಂದು ಹೇಳಬೇಕಿಲ್ಲ. 2007ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಡೆದ ಅಂತರರಾಷ್ಟ್ರೀಯ ಕೃತಕ ಬುದ್ಧಿಮತ್ತೆ ಸಮ್ಮೇಳನದಲ್ಲಿ ಫ್ರಾಂಜ್ ಬಾಡರ್, ಗ್ಯಾಂಟರ್, ಬಾರಿಶ್ ಸೆರ್ಟ್‌ಕಾಯಾ, ಉಲ್ರಿಕೆ ಸಾಟ್ಲರ್ ಮಂಡಿಸಿದ ಪ್ರಬಂಧ ಈ ಗಂಟನ್ನೇ ಬಿಡಿಸುತ್ತದೆ: ಇದೆ, ಇಲ್ಲ, ಗೊತ್ತಿಲ್ಲ ಎಂಬ ಮೂರನ್ನೂ ಇಟ್ಟುಕೊಂಡೇ ಪ್ರಶ್ನೋತ್ತರ ನಡೆಸಿ ಜ್ಞಾನಭಂಡಾರವನ್ನು ಪೂರ್ಣಗೊಳಿಸುವುದು ಹೇಗೆ ಎಂದು ತೋರಿಸುತ್ತದೆ. ಡೇಟಾ ಮೈನಿಂಗ್‌ನ ಗದ್ದಲದಲ್ಲಿ ಈ ಕೆಲಸಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ನಮಗೆ ಹತ್ತಿರದ ಮತ್ತೊಂದು ಪ್ರಯೋಗವನ್ನು ಬಿಡುವಂತಿಲ್ಲ. ಪಾಣಿನಿಯ 14 ಮಾಹೇಶ್ವರ ಸೂತ್ರಗಳಲ್ಲಿ ಹಕಾರ ಎರಡು ಸಲ ಬರುತ್ತದೆ, ಐದನೆಯದರಲ್ಲಿ ಒಮ್ಮೆ, ಕೊನೆಯದರಲ್ಲಿ ಇನ್ನೊಮ್ಮೆ. ಅರ್ಧಮಾತ್ರೆಯ ಉಳಿತಾಯಕ್ಕೂ ಹಿಗ್ಗುವ ವೈಯಾಕರಣರ ಪರಂಪರೆಯಲ್ಲಿ ಈ ದುಂದು ಏಕೆ? ಜರ್ಮನಿಯ ವೀಬ್ಕೆ ಪೀಟರ್ಸನ್ 2004ರಲ್ಲಿ ಪಾಣಿನಿ ಬಳಸುವ ಪ್ರತ್ಯಾಹಾರಗಳನ್ನೇ (ವರ್ಣಗುಂಪುಗಳ ಸಂಕ್ಷಿಪ್ತ ಹೆಸರುಗಳನ್ನೇ) ಗುಣಗಳಾಗಿ, ವರ್ಣಗಳನ್ನು ವಸ್ತುಗಳಾಗಿ ಇಟ್ಟು ಜಾಲಕ ಕಟ್ಟಿದರು. ಪ್ರತಿ ಪ್ರತ್ಯಾಹಾರವೂ ಒಂದೇ ಸಾಲಿನ ಅಖಂಡ ತುಂಡಾಗಬೇಕಾದರೆ ಆ ಜಾಲಕವನ್ನು ಗೆರೆಗಳು ಅಡ್ಡಹಾಯದಂತೆ ಬಿಡಿಸಲು ಬರಬೇಕು. ಬರುವುದಿಲ್ಲ. ಯಾವುದಾದರೂ ವರ್ಣವನ್ನು ಎರಡು ಸಲ ಹೇಳಲೇಬೇಕು. ಹಕಾರವೊಂದನ್ನು ಹೇಳಿದರೆ ಸಾಕು. ಪಾಲ್ ಕಿಪಾರ್ಸ್ಕಿ 1991ರಲ್ಲಿ ವ್ಯಾಕರಣದ ವಾದದಿಂದ ಸಮರ್ಥಿಸಿದ್ದ ಪಾಣಿನಿಯ ಮಿತವ್ಯಯಕ್ಕೆ ಇಲ್ಲಿ ಗಣಿತದ ಸಾಧನೆ ಸಿಕ್ಕಿತು. ಪಾಣಿನಿ ಹೀಗೆಯೇ ಯೋಚಿಸಿದ್ದ ಎಂದು ಇದು ಹೇಳುವುದಿಲ್ಲ, ಅವನಿಗಿಂತ ಕಡಿಮೆಯಲ್ಲಿ ಮುಗಿಸಲಾಗದು ಎಂದಷ್ಟೇ ಹೇಳುತ್ತದೆ. ಸಾವಿರಾರು ಅಣಬೆಗಳಿಂದ ಸಿಗದ ತೃಪ್ತಿ ಈ ಪುಟ್ಟ ಕೋಷ್ಟಕದಿಂದ ಸಿಗುತ್ತದೆ, ಏಕೆಂದರೆ ಇಲ್ಲಿ ಗುಣಗಳನ್ನು ಪಾಣಿನಿಯೇ ಆರಿಸಿಟ್ಟಿದ್ದಾನೆ, ಅನುಮಾನದ ಗುರುತು ಒಂದೂ ಇಲ್ಲ.

ಒಟ್ಟಿನಲ್ಲಿ ನನ್ನ ತೀರ್ಪು ಇಬ್ಬಗೆಯದು. ಲಕ್ಷಗಟ್ಟಲೆ ಸಾಲುಗಳ ಮೇಲೆ ಕೂತವರು ಮುಚ್ಚಿದ ಗುಂಪುಗಳ ಅಲ್ಗಾರಿದಂಗಳನ್ನು ಧಾರಾಳವಾಗಿ ಬಳಸಲಿ, ಜಾಲಕದ ಚಿತ್ರವನ್ನು ಪ್ರಬಂಧದ ಅಲಂಕಾರಕ್ಕಾಗಿ ಎಳೆದು ತರುವುದು ಬೇಡ. ಹತ್ತಾರು ಗುಣಗಳ, ಕೈಯಲ್ಲಿ ತಿದ್ದಬಹುದಾದ ಕೋಷ್ಟಕ ಇರುವವರಿಗೆ, ಅಂದರೆ ಉಪಭಾಷೆಗಳ ಸಮೀಕ್ಷೆ ಮಾಡುವವರಿಗೆ, ನಿಘಂಟಿನ ಸಂಪಾದಕರಿಗೆ, ಬೀಜಬ್ಯಾಂಕಿನ ತಳಿಗಳಿಗೆ ಲಕ್ಷಣ ಬರೆಯುವವರಿಗೆ, ಇದಕ್ಕಿಂತ ಪ್ರಾಮಾಣಿಕವಾದ ಸಾಧನ ನನಗೆ ಕಂಡಿಲ್ಲ. ಕಾನ್ಸೆಪ್ಟ್ ಎಕ್ಸ್‌ಪ್ಲೋರರ್‌ನಂತಹ ಉಚಿತ ತಂತ್ರಾಂಶಗಳಿವೆ. ಕೋಷ್ಟಕವನ್ನು ಒಮ್ಮೆ ನಿಮಗೆ ಸರಿಕಂಡಂತೆ, ಇನ್ನೊಮ್ಮೆ ನಿಮ್ಮನ್ನು ಒಪ್ಪದ ಸಹೋದ್ಯೋಗಿಗೆ ಸರಿಕಂಡಂತೆ ತುಂಬಿ, ಎರಡೂ ಜಾಲಕಗಳನ್ನು ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಮಾತು ಶುರುಮಾಡಿ.